ನೇಪಾಳಿ ಊಟದಲ್ಲಿ ಸಸ್ಯಾಹಾರ: ಕುಂದಾಪುರ ಸೀಮೆಯ ಓದುಗರಿಗೊಂದು ಪರಿಚಯ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳನ್ನು ಒಳಗೊಂಡ ಕರಾವಳಿಯ ಸೀಮೆಗೂ ಹಿಮಾಲಯದ ಮಡಿಲಲ್ಲಿರುವ ನೇಪಾಳಕ್ಕೂ ಭೂಗೋಳದ ಲೆಕ್ಕದಲ್ಲಿ ಬಹಳ ದೂರವಿದ್ದರೂ, ಜನರ ಓಡಾಟದಿಂದ ಬೆಳೆದ ಸಂಬಂಧ ಮಾತ್ರ ಇಂದು ನಿನ್ನೆಯದಲ್ಲ. ಕಠ್ಮಂಡುವಿನ ಪಶುಪತಿನಾಥ ದೇವಾಲಯದ ಗರ್ಭಗುಡಿಯಲ್ಲಿ ಪೂಜೆ ಸಲ್ಲಿಸುವ ಭಟ್ಟರು ದಕ್ಷಿಣ ಭಾರತದವರಾಗಿರಬೇಕೆಂಬ ಸಂಪ್ರದಾಯ ಶತಮಾನಗಳಿಂದ ನಡೆದುಬಂದಿದೆ. ಅವರಲ್ಲಿ ಹಲವರು ಕರ್ನಾಟಕದ ಕರಾವಳಿಯ ವೈದಿಕ ಮನೆತನಗಳಿಂದಲೇ ಹೋದವರು. 2008ರ ಕೊನೆಯಲ್ಲಿ ನೇಪಾಳದ ಅಂದಿನ ಸರ್ಕಾರ ಈ ಪದ್ಧತಿಯನ್ನು ಬದಲಿಸಿ ಸ್ಥಳೀಯ ಅರ್ಚಕರನ್ನು ನೇಮಿಸಲು ಹೊರಟಾಗ ಅಲ್ಲಿನ ಭಕ್ತರಿಂದಲೇ ವಿರೋಧ ಎದ್ದು, ವಿಷಯ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ಸರ್ಕಾರ ಹಿಂದೆ ಸರಿಯಬೇಕಾಯಿತು. ಇನ್ನೊಂದು ದಿಕ್ಕಿನಿಂದ, 1950ರ ಜುಲೈ 31ರಂದು ಸಹಿಯಾದ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದವು ಎರಡೂ ದೇಶಗಳ ಪ್ರಜೆಗಳಿಗೆ ಪರಸ್ಪರರ ನೆಲದಲ್ಲಿ ವಾಸಿಸುವ ಮತ್ತು ದುಡಿಯುವ ಅವಕಾಶ ನೀಡಿರುವುದರಿಂದ, ಕರಾವಳಿಯ ಹೋಟೆಲುಗಳ ಅಡುಗೆಮನೆಗಳಲ್ಲಿ, ಫಾಸ್ಟ್‌ಫುಡ್ ಗಾಡಿಗಳಲ್ಲಿ ಮತ್ತು ಕಾವಲು ಕೆಲಸದಲ್ಲಿ ನೇಪಾಳದ ಜನ ಕಾಣಸಿಗುವುದು ಈಗ ಸಾಮಾನ್ಯವಾಗಿದೆ.

ಹೀಗೆ ಪೂಜೆಗೆ ಇಲ್ಲಿಂದ ಅಲ್ಲಿಗೆ, ದುಡಿಮೆಗೆ ಅಲ್ಲಿಂದ ಇಲ್ಲಿಗೆ ಜನ ಸಂಚರಿಸುತ್ತ ಬಂದಿದ್ದರೂ, ನೇಪಾಳದ ಊಟ ಎಂದೊಡನೆ ಕರಾವಳಿಯ ಹೆಚ್ಚಿನವರ ಮನಸ್ಸಿಗೆ ಬರುವುದು ಮೊಮೊ ಒಂದೇ. ಬೆಂಗಳೂರಿನಂಥ ನಗರಗಳಲ್ಲಿ, ಕರಾವಳಿಯ ಸಾವಿರಾರು ಮಂದಿ ನೆಲೆಸಿರುವ ಕೊಲ್ಲಿ ದೇಶಗಳಲ್ಲಿ, ಗೂರ್ಖಾ ಯೋಧರ ಕುಟುಂಬಗಳು ನೆಲೆನಿಂತಿರುವ ಬ್ರಿಟನ್ನಿನಲ್ಲಿ ನೇಪಾಳಿ ಉಪಾಹಾರಗೃಹಗಳು ಇವೆ. ಇಂಥಲ್ಲಿಗೆ ಹೋಗುವ ಸಸ್ಯಾಹಾರಿಯೊಬ್ಬ ತಿನಿಸುಗಳ ಪಟ್ಟಿಯನ್ನು ಕೈಗೆತ್ತಿಕೊಂಡಾಗ ಪರಿಚಿತ ಹೆಸರೆಂಬ ಕಾರಣಕ್ಕೆ ಮೊಮೊ ಇಲ್ಲವೇ ಪನೀರ್ ಪದಾರ್ಥವನ್ನು ಆರಿಸಿಕೊಂಡು ತೃಪ್ತಿಪಡುವುದೇ ಹೆಚ್ಚು. ಆದರೆ ನೇಪಾಳಿ ಅಡುಗೆಯಲ್ಲಿ ಸಸ್ಯಾಹಾರದ ನಿಜವಾದ ಸಂಪತ್ತು ಇರುವುದು ಈ ಎರಡರಲ್ಲೂ ಅಲ್ಲ. ತರಕಾರಿ ಸಿಗದ ತಿಂಗಳುಗಳಿಗಾಗಿ ಬೆಟ್ಟದ ರೈತರು ಒಣಗಿಸಿ, ಹುಳಿಬರಿಸಿ, ಕೂಡಿಟ್ಟುಕೊಂಡ ಸೊಪ್ಪು, ಗಡ್ಡೆ, ಕಾಳು, ಕಳಲೆಗಳಲ್ಲಿ ಅದು ಅಡಗಿದೆ. ಮಳೆಗಾಲಕ್ಕೆಂದು ಹಪ್ಪಳ, ಸಂಡಿಗೆ, ಉಪ್ಪುನೀರಿನ ಹಲಸಿನ ಸೊಳೆಗಳನ್ನು ಕೂಡಿಡುವ ಸೀಮೆಯ ಜನರಿಗೆ ಈ ಅಡುಗೆಯ ತರ್ಕ ಬೇಗನೆ ಅರ್ಥವಾಗುವಂಥದು.

ಎರಡು ಬಗೆಯ ಸಸ್ಯಾಹಾರ

ನೇಪಾಳಿ ಊಟವನ್ನು ಅರಿಯುವ ಮೊದಲು, ಸಸ್ಯಾಹಾರವೆಂಬುದು ಈ ಎರಡು ಸೀಮೆಗಳಲ್ಲಿ ಬೇರೆ ಬೇರೆ ದಾರಿಯಲ್ಲಿ ಬೆಳೆದಿದೆ ಎಂಬುದನ್ನು ಗಮನಿಸಬೇಕು. ಉಡುಪಿ ಸೀಮೆಯ ಸಸ್ಯಾಹಾರಿ ಅಡುಗೆಯ ಹಿಂದೆ ಅಷ್ಟಮಠಗಳ ಪಾಕಶಾಲೆ ಮತ್ತು ದೇವಸ್ಥಾನಗಳ ಅನ್ನಸಂತರ್ಪಣೆಯ ಪರಂಪರೆ ಇದೆ. ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಮಡಿ ಅಡುಗೆ, ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಒಂದೊಂದು ತಿಂಗಳು ಕ್ರಮವಾಗಿ ತರಕಾರಿ, ಮೊಸರು, ಹಾಲು ಮತ್ತು ದ್ವಿದಳ ಧಾನ್ಯಗಳನ್ನು ಬಿಡುವ ವ್ರತ ಇವುಗಳ ಕಟ್ಟುಪಾಡಿನೊಳಗೇ ರುಚಿಯನ್ನು ಹುಡುಕಿದ ಅಡುಗೆ ಅದು. ಆ ಅಡುಗೆಯನ್ನು ಮಠದಿಂದ ಪೇಟೆಗೆ ತಂದವರಲ್ಲಿ ಇಂದಿನ ಬ್ರಹ್ಮಾವರ ಮತ್ತು ಕುಂದಾಪುರ ತಾಲ್ಲೂಕುಗಳವರ ಪಾಲು ದೊಡ್ಡದು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ಎಂದು ಹೆಸರಾಯಿತು. ಈ ಪರಂಪರೆಯ ಫಲವಾಗಿ ಕರಾವಳಿಯಲ್ಲಿ ಸಸ್ಯಾಹಾರಿ ಹೋಟೆಲ್ ಎಂದರೆ ಇಡೀ ಅಡುಗೆಮನೆಯೇ ಸಸ್ಯಾಹಾರಿಯಾಗಿರುತ್ತದೆ. ಕೋಳಿ ಸಾರು ಮತ್ತು ಮೀನಿನ ಊಟಕ್ಕೂ ಅಷ್ಟೇ ಹೆಸರಾದ ಕುಂದಾಪುರದಲ್ಲಿ ಅವುಗಳಿಗೆ ಬೇರೆಯೇ ಹೋಟೆಲುಗಳಿದ್ದು, ಫಲಕ ನೋಡಿ ಒಳಹೊಕ್ಕವನು ಆಮೇಲೆ ಏನನ್ನೂ ವಿಚಾರಿಸಬೇಕಾಗುವುದಿಲ್ಲ.

ನೇಪಾಳದಲ್ಲಿ ಪರಿಸ್ಥಿತಿ ಹೀಗಿಲ್ಲ. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆಯಲ್ಲಿ ಶೇಕಡಾ 81ರಷ್ಟು ಮಂದಿ ಹಿಂದೂಗಳಾಗಿದ್ದರೂ ಬಹುಪಾಲು ಸಮುದಾಯಗಳಿಗೆ ಮಾಂಸ ನಿಷಿದ್ಧವಲ್ಲ. ಬೆಟ್ಟದ ಬ್ರಾಹ್ಮಣರಲ್ಲೂ ಆಡಿನ ಮಾಂಸ ತಿನ್ನುವವರು ಇದ್ದಾರೆ, ದಸರೆಯನ್ನು ಅಲ್ಲಿ ದಶೈಂ ಎಂಬ ಹೆಸರಿನಲ್ಲಿ ಆಚರಿಸುವಾಗ ಬಲಿ ಕೊಡುವುದು ಹಬ್ಬದ ಮುಖ್ಯ ಅಂಗವೇ ಆಗಿದೆ, ಮತ್ತು ಕಠ್ಮಂಡು ಕಣಿವೆಯ ಮೂಲನಿವಾಸಿಗಳಾದ ನೇವಾರರ ಔತಣಗಳಲ್ಲಿ ಎಮ್ಮೆಯ ಮಾಂಸಕ್ಕೆ ಪ್ರಮುಖ ಸ್ಥಾನವಿದೆ. ಗೋಹತ್ಯೆ ಮಾತ್ರ ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಹಾಗಿದ್ದೂ ನೇಪಾಳದ ಬೆಟ್ಟದ ಸಾಮಾನ್ಯ ಕುಟುಂಬದ ನಿತ್ಯದ ಊಟ ಬಹುತೇಕ ಸಸ್ಯಾಹಾರವೇ ಆಗಿತ್ತು, ಏಕೆಂದರೆ ಮಾಂಸ ಹಬ್ಬಕ್ಕೆ ಮತ್ತು ನೆಂಟರಿಗೆ ಮೀಸಲಾದ ದುಬಾರಿ ಪದಾರ್ಥವಾಗಿತ್ತು. ಏಕಾದಶಿ, ಶ್ರಾದ್ಧ, ಸೂತಕದ ದಿನಗಳು ಮತ್ತು ವೈಷ್ಣವ ದೀಕ್ಷೆ ಪಡೆದವರ ಮನೆಗಳು ವ್ರತದ ಸಸ್ಯಾಹಾರಕ್ಕೆ ಆಸರೆಯಾದವು. ಹೀಗಾಗಿ ನೇಪಾಳದ ಸಸ್ಯಾಹಾರ ಬೆಳೆದದ್ದು ಮನೆಯ ಒಲೆಯ ಮೇಲೆ. ಹೋಟೆಲಿಗೆ ಹೋಗುವುದೆಂದರೆ ಮನೆಯಲ್ಲಿಲ್ಲದ ಮಾಂಸವನ್ನು ತಿನ್ನಲು ಹೋಗುವುದೆಂಬ ಭಾವನೆ ಅಲ್ಲಿ ಬಲವಾಗಿದ್ದುದರಿಂದ, ಹೋಟೆಲಿನ ಪಟ್ಟಿಯಲ್ಲಿ ಆ ಮನೆಯಡುಗೆ ಮೂಲೆಗೆ ಸರಿದು, ಮಾಂಸದ ತಿನಿಸುಗಳೂ ಅವುಗಳ ಸಸ್ಯಾಹಾರಿ ಅನುಕರಣೆಗಳೂ ಮುಂದೆ ಬಂದವು.

ದಾಲ್–ಭಾತ್: ಊಟದ ಮೂಲ ಚೌಕಟ್ಟು

ನೇಪಾಳಿ ಊಟದ ಚೌಕಟ್ಟನ್ನು ತಿಳಿಯಲು ಅತ್ಯುತ್ತಮ ದಾರಿ ದಾಲ್–ಭಾತ್–ತರಕಾರಿ ಎಂಬ ಹೆಸರಿನ ಪೂರ್ಣ ಊಟ. ತಟ್ಟೆಯ ನಡುವೆ ಅನ್ನ, ಬಟ್ಟಲಲ್ಲಿ ಬೇಳೆಯ ಸಾರು, ಪಕ್ಕದಲ್ಲಿ ಕಾಲಕ್ಕೆ ತಕ್ಕ ತರಕಾರಿಯ ಪಲ್ಯ, ಬೇಯಿಸಿದ ಸೊಪ್ಪು ಮತ್ತು ಅಚಾರ್ ಎಂಬ ಹುಳಿ–ಖಾರದ ವ್ಯಂಜನ ಇರುವ ಈ ಊಟದಲ್ಲಿ, ಕರಾವಳಿಯ ಊಟದ ಪದ್ಧತಿಯಂತೆಯೇ, ಅನ್ನವೂ ಬೇಳೆಯೂ ಕೇಳಿದಷ್ಟು ಸಲ ಬಡಿಸಲ್ಪಡುತ್ತವೆ. ಕರಾವಳಿಯಲ್ಲಿ ತೊಗರಿಬೇಳೆ ಆಳುವ ಜಾಗವನ್ನು ಅಲ್ಲಿ ಮಸೂರ್, ಹೆಸರು ಮತ್ತು ಸಿಪ್ಪೆ ತೆಗೆಯದ ಕರಿಯ ಉದ್ದು ಹಂಚಿಕೊಂಡಿವೆ. ಉದ್ದು ಎಂದರೆ ದೋಸೆ, ಇಡ್ಲಿ, ವಡೆಗಳ ಹಿಟ್ಟು ಎಂದೇ ತಿಳಿದವರಿಗೆ, ಕಬ್ಬಿಣದ ಪಾತ್ರೆಯಲ್ಲಿ ನಿಧಾನವಾಗಿ ಬೆಂದು ತುಸು ಲೋಳೆಯಾದ, ಕಪ್ಪು ಬಣ್ಣದ ಉದ್ದಿನ ದಾಲ್ ಹೊಸ ಅನುಭವವಾಗುತ್ತದೆ.

ಈ ದಾಲ್‌ಗೆ ಕೊಡುವ ತುಪ್ಪದ ಒಗ್ಗರಣೆಯಲ್ಲಿ ಸಾಸಿವೆ–ಕರಿಬೇವುಗಳ ಬದಲು ಜಿಂಬು ಎಂಬ ಒಣ ಎಲೆ ಬೀಳುತ್ತದೆ. ಮುಸ್ತಾಂಗ್‌ನಂಥ ಹಿಮಾಲಯದ ಎತ್ತರದ ಜಿಲ್ಲೆಗಳಲ್ಲಿ ತಾನಾಗಿ ಬೆಳೆಯುವ, ಈರುಳ್ಳಿಯ ಕುಲಕ್ಕೆ ಸೇರಿದ ಸಸ್ಯದ ಎಲೆಗಳನ್ನು ಕೊಯ್ದು ಒಣಗಿಸಿದರೆ ಜಿಂಬು ಸಿದ್ಧವಾಗುತ್ತದೆ. ಕಾದ ತುಪ್ಪದಲ್ಲಿ ಬಿದ್ದ ಕ್ಷಣದಲ್ಲಿ ಅದು ಬೆಳ್ಳುಳ್ಳಿ ಮತ್ತು ಇಂಗು ಎರಡನ್ನೂ ನೆನಪಿಸುವ ಪರಿಮಳ ಬಿಡುತ್ತದೆ. ಈರುಳ್ಳಿ–ಬೆಳ್ಳುಳ್ಳಿ ತಿನ್ನದ ನೇಪಾಳಿ ಕುಟುಂಬಗಳಲ್ಲಿ ಜಿಂಬು ಅವುಗಳ ಬದಲಿಯಾಗಿ ಬಳಕೆಯಲ್ಲಿದೆಯಾದರೂ, ಸಸ್ಯಶಾಸ್ತ್ರದ ಪ್ರಕಾರ ಅದು ಈರುಳ್ಳಿಯ ಬಂಧುವೇ ಆಗಿರುವುದರಿಂದ ಕಟ್ಟುನಿಟ್ಟಾಗಿ ಮಡಿ ಅಡುಗೆ ಪಾಲಿಸುವವರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಇಂಥವರ ಮಡಿ ಅಡುಗೆಯಲ್ಲಿ ಸಾಮಾನ್ಯವಾಗಿ ಬಳಸದ ಮಸೂರ್ ಬೇಳೆ ನೇಪಾಳದಲ್ಲಿ ನಿತ್ಯದ ಬೇಳೆ ಎಂಬುದೂ ಗಮನಾರ್ಹ.

ಕರಾವಳಿಯ ನಾಲಿಗೆಗೆ ಮೊದಲ ತುತ್ತಿನಲ್ಲೇ ಬೇರೆಯೆನಿಸುವುದು ಎಣ್ಣೆ. ತೆಂಗು ಬೆಳೆಯದ ಬೆಟ್ಟದ ನಾಡಿನಲ್ಲಿ ತೆಂಗಿನೆಣ್ಣೆಗೂ ತೆಂಗಿನತುರಿಗೂ ಜಾಗವಿಲ್ಲ. ಅಲ್ಲಿ ಅಡುಗೆಯ ಎಣ್ಣೆಯೆಂದರೆ ಸಾಸಿವೆ ಎಣ್ಣೆ. ಸಾಸಿವೆ ಕಾಳನ್ನು ಅರೆದಾಗ ಅಥವಾ ಗಾಣಕ್ಕೆ ಹಾಕಿದಾಗ ಉಂಟಾಗುವ ಗಂಧಕಯುಕ್ತ ತೈಲಾಂಶದಿಂದ ಈ ಎಣ್ಣೆಗೆ ಮೂಗಿಗೆ ಏರುವ ಘಾಟು ಬರುತ್ತದೆ. ಅದಕ್ಕಾಗಿ ಪಲ್ಯಕ್ಕೆ ಬಳಸುವಾಗ ಎಣ್ಣೆಯನ್ನು ಹೊಗೆಯಾಡುವ ತನಕ ಕಾಯಿಸಿ ಘಾಟನ್ನು ತಗ್ಗಿಸುತ್ತಾರೆ, ಅಚಾರ್‌ಗಳಿಗೆ ಮಾತ್ರ ಆ ಘಾಟೇ ಬೇಕೆಂದು ಹಸಿ ಎಣ್ಣೆಯನ್ನೂ ಕಲಸುವುದುಂಟು. ತೆಂಗಿನಕಾಯಿ ಅರೆದು ಹಾಕಿ ಪದಾರ್ಥವನ್ನು ಮಂದಮಾಡುವ ಕ್ರಮ ಇಲ್ಲದಿರುವಲ್ಲಿ ಆ ಕೆಲಸವನ್ನು ಹುರಿದು ಪುಡಿಮಾಡಿದ ಎಳ್ಳು ನಿರ್ವಹಿಸುತ್ತದೆ. ಬೇಯಿಸಿದ ಆಲೂಗಡ್ಡೆಗೆ ಎಳ್ಳಿನ ಪುಡಿ, ನಿಂಬೆರಸ, ಹಸಿಮೆಣಸು ಸೇರಿಸಿ, ಸಾಸಿವೆ ಎಣ್ಣೆಯಲ್ಲಿ ಕಪ್ಪಾಗುವಂತೆ ಹುರಿದ ಮೆಂತೆ ಮತ್ತು ಅರಿಶಿನದ ಒಗ್ಗರಣೆ ಕೊಟ್ಟರೆ ಆಲೂ ಅಚಾರ್ ಆಗುತ್ತದೆ. ಅಚಾರ್ ಎಂದರೆ ವರ್ಷಗಟ್ಟಲೆ ಇಡುವ ಉಪ್ಪಿನಕಾಯಿ ಮಾತ್ರವಲ್ಲದೆ ಆಗಷ್ಟೇ ಕಲಸಿದ ಚಟ್ನಿ, ಗೊಜ್ಜು, ಕೋಸಂಬರಿಗಳ ಸ್ಥಾನವನ್ನೆಲ್ಲ ತುಂಬುವ ವಿಶಾಲ ವರ್ಗವೆಂಬುದನ್ನು ಇದರಿಂದ ತಿಳಿಯಬಹುದು. ಪಶ್ಚಿಮ ನೇಪಾಳದ ಪಾಲ್ಪಾ ಜಿಲ್ಲೆಯ ಚುಕೌನಿಯಲ್ಲಿ ಇದೇ ಬೇಯಿಸಿದ ಆಲೂಗಡ್ಡೆ ಮೊಸರಿನೊಡನೆ ಸೇರುತ್ತದೆ. ಮೊಸರುಗೊಜ್ಜು ಮತ್ತು ತಂಬುಳಿಗಳನ್ನು ಬಲ್ಲವರಿಗೆ ಪರಿಚಯವೇ ಬೇಡದ ತಂಪು ಪದಾರ್ಥ ಅದು.

ಕೊರತೆಯ ತಿಂಗಳುಗಳ ಸಂಪತ್ತು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಈ ತಿಂಗಳುಗಳಲ್ಲಿ ಗದ್ದೆ–ಹಿತ್ತಲುಗಳಲ್ಲಿ ತರಕಾರಿ ವಿರಳವಾಗುತ್ತಿದ್ದುದರಿಂದ ಬೇಸಿಗೆಯಲ್ಲೇ ಹಲಸಿನ ಸೊಳೆಯನ್ನು ಉಪ್ಪಿನಲ್ಲಿಡುವುದು, ಮಾವಿನ ಮಿಡಿ ಹಾಕುವುದು, ಹಪ್ಪಳ–ಸಂಡಿಗೆ ಒಣಗಿಸುವುದು ಮನೆವಾರ್ತೆಯ ಭಾಗವಾಗಿತ್ತು. ನೇಪಾಳದ ಬೆಟ್ಟಗಳಲ್ಲಿ ಕೊರತೆಯ ಕಾಲ ಬೇರೆ, ಉಪಾಯ ಒಂದೇ. ಅಲ್ಲಿ ಮಳೆ ನಿಂತ ಮೇಲೆ ಬರುವ ಚಳಿಗಾಲದಲ್ಲಿ ಸಾಸಿವೆ ಸೊಪ್ಪು, ಮೂಲಂಗಿ, ಹೂಕೋಸಿನ ಎಲೆಗಳು ಒಮ್ಮೆಗೇ ಬೇಕಾದಷ್ಟು ಸಿಗುತ್ತವೆ, ಅನಂತರದ ಒಣ ತಿಂಗಳುಗಳಲ್ಲಿ ಹೊಲ ಬರಿದಾಗುತ್ತದೆ. ಮಾರುಕಟ್ಟೆಗೆ ಹೋಗಲು ರಸ್ತೆಯೇ ಇಲ್ಲದ ಹಳ್ಳಿಗಳಲ್ಲಿ ಸಿಕ್ಕಾಗ ಕೂಡಿಡದೆ ಬೇರೆ ದಾರಿ ಇರಲಿಲ್ಲ.

ಈ ಸಂಗ್ರಹದ ಮೊದಲ ಹೆಸರು ಗುಂದ್ರುಕ್. ಸಾಸಿವೆ ಅಥವಾ ಮೂಲಂಗಿಯ ಸೊಪ್ಪನ್ನು ಒಂದೆರಡು ದಿನ ಬಿಸಿಲಿನಲ್ಲಿ ಬಾಡಿಸಿ, ಜಜ್ಜಿ, ಮಣ್ಣಿನ ಮಡಕೆಯಲ್ಲಿ ಗಾಳಿಯಾಡದಂತೆ ಒತ್ತಿ ತುಂಬಿ, ಬೆಚ್ಚಗಿನ ಜಾಗದಲ್ಲಿ ಸುಮಾರು ಒಂದು ವಾರ ಇಟ್ಟರೆ, ಸೊಪ್ಪಿನಲ್ಲಿ ಸಹಜವಾಗಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯಂಶವನ್ನು ಆಮ್ಲವಾಗಿ ಮಾರ್ಪಡಿಸಿ ಹುಳಿ ಬರಿಸುತ್ತವೆ. ಹಾಲನ್ನು ಮೊಸರಾಗಿಸುವುದೂ ಇದೇ ಗುಂಪಿನ ಸೂಕ್ಷ್ಮಜೀವಿಗಳು. ಸಾಮಾನ್ಯ ಉಪ್ಪಿನಕಾಯಿಗಿಂತ ಇದರ ವಿಶೇಷವೆಂದರೆ, ಇಡೀ ಕ್ರಿಯೆಯಲ್ಲಿ ಉಪ್ಪು ಹಾಕುವುದಿಲ್ಲ. ಹಿಂದಿನ ಕಾಲದಲ್ಲಿ ಬೆಟ್ಟದ ಹಳ್ಳಿಗೆ ಉಪ್ಪನ್ನು ದೂರದಿಂದ ಹೊತ್ತು ತರಬೇಕಾಗಿತ್ತೆಂಬುದನ್ನು ನೆನೆದರೆ ಈ ಉಪಾಯದ ಬೆಲೆ ತಿಳಿಯುತ್ತದೆ. ಹುಳಿಯಾದ ಸೊಪ್ಪನ್ನು ಮತ್ತೆ ಬಿಸಿಲಿನಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕೆನಿಸಿದಾಗ ನೆನೆಸಿ, ಟೊಮೆಟೊ, ಆಲೂಗಡ್ಡೆ, ಸೋಯಾ ಕಾಳಿನೊಡನೆ ಕುದಿಸಿದರೆ ಸಾರಾಗುತ್ತದೆ, ಸಾಸಿವೆ ಎಣ್ಣೆ–ಮೆಣಸಿನೊಡನೆ ಕಲಸಿದರೆ ಅಚಾರ್ ಆಗುತ್ತದೆ. ಹುಣಸೆ, ಮಾವು, ಬಿಂಬುಳಿಗಳಿಂದ ಹುಳಿಯನ್ನು ಪಡೆಯುವ ಕರಾವಳಿಯವರಿಗೆ ಸೊಪ್ಪೇ ಸ್ವತಃ ಹುಳಿಯಾಗಿ ನಿಲ್ಲುವ ಈ ಸಾರು ಕುತೂಹಲಕರವಾದದ್ದು. ಮೂಲಂಗಿಯ ಗಡ್ಡೆಯನ್ನೇ ಹೀಗೆ ಹುಳಿಬರಿಸಿ ಒಣಗಿಸಿದರೆ ಅದನ್ನು ಸಿಂಕಿ ಎನ್ನುತ್ತಾರೆ.

ಎರಡನೆಯದು ತಾಮಾ, ಅಂದರೆ ಹುಳಿಬರಿಸಿದ ಎಳೆ ಬಿದಿರು. ಮಳೆಗಾಲದ ಆರಂಭದಲ್ಲಿ ಮೇಲೇಳುವ ಬಿದಿರಿನ ಮೊಳಕೆಯನ್ನು ಕರಾವಳಿ–ಮಲೆನಾಡುಗಳಲ್ಲಿ ಕಳಲೆ ಎಂದು ಕರೆದು, ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು ಅದರ ಕಹಿಯನ್ನೂ ವಿಷಾಂಶವನ್ನೂ ತೆಗೆದು ಪಲ್ಯ, ಹುಳಿ, ಉಪ್ಪಿನಕಾಯಿಗಳಿಗೆ ಬಳಸುತ್ತಾರೆ. ನೇಪಾಳದಲ್ಲಿ ಅದನ್ನು ಹೆಚ್ಚಿ, ಅರಿಶಿನ ಮುಂತಾದವುಗಳೊಡನೆ ಹುಳಿಬರಿಸಿಟ್ಟು, ಆಲೂಗಡ್ಡೆ ಮತ್ತು ಅಲಸಂದೆ ಕಾಳಿನೊಡನೆ ತೆಳ್ಳಗಿನ ಸಾರು ಮಾಡುತ್ತಾರೆ. ಆಲೂ–ತಾಮಾ ಎಂಬ ಹೆಸರಿನ ಈ ಪದಾರ್ಥ ಬಹುತೇಕ ಎಲ್ಲ ನೇಪಾಳಿ ಹೋಟೆಲುಗಳ ಪಟ್ಟಿಯಲ್ಲೂ ಸಿಗುತ್ತದೆ. ಹುಳಿಬಂದ ಬಿದಿರಿನ ವಾಸನೆ ಮೊದಲ ಸಲ ಮೂಗಿಗೆ ಕಟುವೆನಿಸಬಹುದಾದರೂ, ಉಪ್ಪುನೀರಿನ ಕಳಲೆಯ ಭರಣಿಯನ್ನು ತೆರೆದು ಗೊತ್ತಿರುವವರು ಅದಕ್ಕೆ ಹೆದರಬೇಕಾಗಿಲ್ಲ.

ಮೂರನೆಯದು ಮಸ್ಯೌರಾ. ನೆನೆಸಿ ಅರೆದ ಉದ್ದಿನ ಹಿಟ್ಟಿಗೆ ಕೆಸುವಿನ ದಂಟು–ಗಡ್ಡೆ ಅಥವಾ ಮೂಲಂಗಿಯ ತುರಿ ಬೆರೆಸಿ, ಉಂಡೆ ಕಟ್ಟಿ, ಬಿಸಿಲಿನಲ್ಲಿ ಗಟ್ಟಿಯಾಗುವ ತನಕ ಒಣಗಿಸಿದ ಈ ಸಂಡಿಗೆಯನ್ನು ಅಲ್ಲಿ ಕರಿದು ಹಾಗೆಯೇ ತಿನ್ನುವುದಕ್ಕಿಂತ ಹೆಚ್ಚಾಗಿ, ತುಸು ಹುರಿದು ಸಾರಿನಲ್ಲಿ ಬೇಯಿಸುತ್ತಾರೆ. ರಸವನ್ನು ಹೀರಿಕೊಂಡು ಮೆತ್ತಗಾದ ಮಸ್ಯೌರಾ, ಹೋಟೆಲುಗಳಲ್ಲಿ ಮಾಂಸದ ಬದಲಿಯಾಗಿ ಕೊಡುವ ಸೋಯಾ ತುಂಡುಗಳಿಗಿಂತ ರುಚಿಯಲ್ಲಿ ಬಹಳ ಮೇಲು. ಕೆಸುವನ್ನು ಪತ್ರೊಡೆಗೆ, ಸಾರಿಗೆ, ಪಲ್ಯಕ್ಕೆ ಬಳಸುವ ಸೀಮೆಯಲ್ಲಿ ಅದನ್ನು ಒಣಗಿಸಿ ಕಾಪಿಡುವ ಈ ವಿಧಾನ ಮನೆಯಲ್ಲೂ ಪ್ರಯೋಗಿಸಬಹುದಾದಂಥದು. ಪೂರ್ವ ನೇಪಾಳದ ಲಿಂಬು ಮತ್ತು ರಾಯಿ ಸಮುದಾಯಗಳು ಬೇಯಿಸಿದ ಸೋಯಾ ಕಾಳನ್ನು ಹುದುಗಿಸಿ ಮಾಡುವ ಕಿನೆಮಾ ಎಂಬ ಅಂಟಂಟಾದ ಪದಾರ್ಥವೂ ಈ ಸಾಲಿಗೇ ಸೇರುತ್ತದೆ. ಮಾಂಸ ದುರ್ಲಭವಾದ ಬೆಟ್ಟಗಳಲ್ಲಿ ಅದು ಸಸಾರಜನಕದ ಮುಖ್ಯ ಮೂಲವಾಗಿತ್ತು. ಅದರ ವಾಸನೆ ಮಾತ್ರ ತೀಕ್ಷ್ಣವಾದುದರಿಂದ ಮೊದಲ ಭೇಟಿಯಲ್ಲೇ ಅದನ್ನು ಆರಿಸಿಕೊಳ್ಳಬೇಕಾಗಿಲ್ಲ.

ಹುಳಿ ಮತ್ತು ಮಸಾಲೆಯ ವಿಷಯದಲ್ಲೂ ಎರಡು ಸೀಮೆಗಳ ಸಸ್ಯಗಳ ನಡುವೆ ನೆಂಟಸ್ತಿಕೆ ಇದೆ. ನೇಪಾಳಿ ಅಚಾರ್‌ಗಳಲ್ಲಿ ನಾಲಿಗೆಯನ್ನು ಜುಮ್ಮೆನಿಸುವ ಟಿಮುರ್ ಎಂಬ ಕಾಳಿನ ಗಿಡವೂ, ಕರಾವಳಿಯ ಕೊಂಕಣಿ ಅಡುಗೆಯಲ್ಲಿ ಬಂಗುಡೆ ಸಾರಿನಿಂದ ಹಿಡಿದು ಕೆಲವು ಬೇಳೆ–ತರಕಾರಿ ಪದಾರ್ಥಗಳವರೆಗೆ ಬಳಕೆಯಾಗುವ ಜುಮ್ಮನಕಾಯಿ ಅಥವಾ ತಿರ್ಫಲದ ಮರವೂ ಝಾಂತೊಝೈಲಮ್ ಎಂಬ ಒಂದೇ ಕುಲಕ್ಕೆ ಸೇರಿದವು. ನಾಲಿಗೆಯ ನರಗಳನ್ನು ಕೆರಳಿಸಿ ಮರಗಟ್ಟಿದ ಅನುಭವ ಕೊಡುವ ರಾಸಾಯನಿಕಗಳೂ ಎರಡರಲ್ಲಿ ಒಂದೇ ವರ್ಗದವು. ಹಾಗೆಯೇ ನೇಪಾಳದ ಹುಳಿ–ಸಿಹಿ ಅಚಾರ್‌ಗೆ ಬಳಸುವ ಲಪ್ಸಿ ಹಣ್ಣು ಮಾವು, ಗೇರು, ಅಮಟೆಕಾಯಿಗಳನ್ನು ಒಳಗೊಂಡ ಸಸ್ಯಕುಟುಂಬದ್ದೇ ಆಗಿದ್ದು, ಅದರ ಗಟ್ಟಿ ಹುಳಿ ಅಮಟೆಕಾಯಿಯ ಉಪ್ಪಿನಕಾಯಿ ಉಂಡವರಿಗೆ ಗುರುತು ಸಿಗುವಂಥದು.

ರಾಗಿ, ಅವಲಕ್ಕಿ, ಉದ್ದು

ಭತ್ತ ಬೆಳೆಯದ ಎತ್ತರದ ಜಮೀನುಗಳಲ್ಲಿ ಅನ್ನದ ಸ್ಥಾನವನ್ನು ಢಿಂಡೊ ತುಂಬುತ್ತದೆ. ಕುದಿಯುವ ನೀರಿಗೆ ರಾಗಿ, ಮೆಕ್ಕೆಜೋಳ ಅಥವಾ ಬಕ್‌ವೀಟ್ ಎಂಬ ಬೆಟ್ಟದ ಕಾಳಿನ ಹಿಟ್ಟನ್ನು ಸುರಿದು, ಮರದ ಕೋಲಿನಿಂದ ತಿರುವಿ ಗಟ್ಟಿಮಾಡುವ ಈ ಆಹಾರವು ಬಯಲುಸೀಮೆಯ ಮುದ್ದೆಯ ಬಗೆಯದೇ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವ ಕ್ರಮವೂ ಅದೇ. ಹೋಟೆಲ್ ಪಟ್ಟಿಯಲ್ಲಿ ಕೋದೊ ಎಂದು ಬರೆದಿದ್ದರೆ ಅದು ರಾಗಿಯೇ ಹೊರತು ಭಾರತದ ಸಿರಿಧಾನ್ಯ ಅಂಗಡಿಗಳಲ್ಲಿ ಅದೇ ಹೆಸರಿನಿಂದ ಮಾರುವ ಹಾರಕವಲ್ಲ. ಒಂದು ಕಾಲದಲ್ಲಿ ಬಡವರ ಊಟವೆಂದು ಕಡೆಗಣಿಸಲಾಗಿದ್ದ ಢಿಂಡೊ ಈಗ ಕಠ್ಮಂಡುವಿನ ಹೋಟೆಲುಗಳಲ್ಲಿ ಆರೋಗ್ಯದ ಹೆಸರಿನಲ್ಲಿ ಗುಂದ್ರುಕ್ ಸಾರಿನೊಡನೆ ಗೌರವದ ಸ್ಥಾನ ಪಡೆದಿದೆ. ಕರ್ನಾಟಕದಲ್ಲಿ ರಾಗಿಮುದ್ದೆಗೆ ಬಂದ ಮರ್ಯಾದೆಯ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಕಠ್ಮಂಡು ಕಣಿವೆಯ ನೇವಾರರ ಅಡುಗೆ ನೇಪಾಳದೊಳಗೇ ಒಂದು ಪ್ರತ್ಯೇಕ ಲೋಕ. ಅವರ ಔತಣಗಳಲ್ಲಿ ಅತಿಥಿಗಳು ನೆಲದ ಮೇಲೆ ಹಾಸಿದ ಉದ್ದನೆಯ ಚಾಪೆಯಲ್ಲಿ ಪಂಕ್ತಿಯಾಗಿ ಕುಳಿತು ಸಾಲ್ ಮರದ ಎಲೆಗಳಿಂದ ಹೆಣೆದ ಪತ್ರಾವಳಿಯಲ್ಲಿ ಊಟ ಮಾಡುತ್ತಾರೆ, ಮತ್ತು ಅಲ್ಲಿ ಅನ್ನಕ್ಕಿಂತ ಹೆಚ್ಚಿನ ಸ್ಥಾನ ಚಿಉರಾ ಎಂದು ಕರೆಯುವ ಅವಲಕ್ಕಿಗೆ ಇದೆ. ಕರಾವಳಿಯಲ್ಲಿ ಅವಲಕ್ಕಿಗೆ ಬೆಲ್ಲ–ಕಾಯಿ ಅಥವಾ ಸಾರಿನ ಪುಡಿ ಬೆರೆಸಿ ಕಲಸುವ ಪದ್ಧತಿ ಇದ್ದರೆ, ನೇವಾರರು ಅದನ್ನು ಒಣದಾಗಿಯೇ ಇಟ್ಟು, ಸುತ್ತ ಹುರಿದ ಕರಿ ಸೋಯಾ, ಶುಂಠಿ, ಆಲೂಗಡ್ಡೆಯ ಅಚಾರ್, ಸೊಪ್ಪು ಮತ್ತು ಬಾರಾ ಜೋಡಿಸುತ್ತಾರೆ. ಸಮಯ್ ಬಜಿ ಎಂಬ ಈ ತಟ್ಟೆಯಲ್ಲಿ ಸಾಮಾನ್ಯವಾಗಿ ಎಮ್ಮೆಯ ಮಾಂಸ, ಮೊಟ್ಟೆ ಮತ್ತು ಒಣಮೀನು ಕೂಡ ಇರುವುದರಿಂದ ಸಸ್ಯಾಹಾರಿ ತಟ್ಟೆಯನ್ನೇ ಕೇಳಿ ಪಡೆಯಬೇಕು. ಬಾರಾ ಎಂಬುದು ಉದ್ದಿನ ಬೇಳೆಯನ್ನು ನೆನೆಸಿ, ಅರೆದು, ಹುಳಿಬರಿಸದೆ ಕಾವಲಿಯ ಮೇಲೆ ದಪ್ಪಗೆ ಹರಡಿ ಬೇಯಿಸಿದ ರೊಟ್ಟಿ. ಚತಾಮರಿ ಎಂಬುದು ಅಕ್ಕಿಹಿಟ್ಟಿನ ತೆಳ್ಳನೆಯ ದೋಸೆ. ಅಕ್ಕಿ ಮತ್ತು ಉದ್ದನ್ನು ಒಟ್ಟಿಗೆ ಸೇರಿಸಿ ಹುಳಿಬರಿಸಿದ ಹಿಟ್ಟಿನಿಂದ ಕರಾವಳಿಯವರು ದೋಸೆ ಹುಯ್ದರೆ, ನೇವಾರರು ಅವೆರಡನ್ನೂ ಬೇರೆ ಬೇರೆಯಾಗಿ, ಹುಳಿಯ ಹಂಗಿಲ್ಲದೆ ಬೇಯಿಸಿದರು. ಹೋಟೆಲುಗಳಲ್ಲಿ ಇವೆರಡರ ಮೇಲೂ ಮೊಟ್ಟೆ ಅಥವಾ ಕೊಚ್ಚಿದ ಮಾಂಸ ಹರಡುವುದು ರೂಢಿಯಾಗಿರುವುದರಿಂದ, ಮೇಲೇನೂ ಇಲ್ಲದ ಸಾದಾ ಬಾರಾ ಬೇಕೆಂದು ಸ್ಪಷ್ಟವಾಗಿ ಹೇಳುವುದು ಅಗತ್ಯ.

ಹಬ್ಬದ ತಿನಿಸುಗಳಲ್ಲಿ ಸಸ್ಯಾಹಾರಿಗೆ ನಿಶ್ಚಿಂತೆ ಹೆಚ್ಚು. ಕರಾವಳಿಯಲ್ಲಿ ನೂಲ ಹುಣ್ಣಿಮೆಯೆಂದು ಜನಿವಾರ ಬದಲಿಸುವ ಶ್ರಾವಣದ ಹುಣ್ಣಿಮೆಯನ್ನೇ ನೇಪಾಳದಲ್ಲಿ ಜನೈ ಪೂರ್ಣಿಮೆಯೆಂದು ಆಚರಿಸುತ್ತಾರೆ. ಅಂದು ಉದ್ದು, ಹೆಸರು, ಕಡಲೆ, ಅಲಸಂದೆ, ಬಟಾಣಿ, ಸೋಯಾ ಮುಂತಾದ ಒಂಬತ್ತು ಬಗೆಯ ಕಾಳುಗಳನ್ನು ಮೊಳಕೆ ಬರಿಸಿ ಕ್ವಾಂಟಿ ಎಂಬ ಬಿಸಿ ಸಾರು ಮಾಡುವುದು ಪದ್ಧತಿ. ಭತ್ತದ ನಾಟಿಯ ದುಡಿತದಿಂದ ದಣಿದ ದೇಹಕ್ಕೆ ಮೊಳಕೆಕಾಳು ಬಲ ಕೊಡುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಮಾರ್ಗಶಿರದ ಹುಣ್ಣಿಮೆಗೆ ನೇವಾರರು ಹೊಸ ಅಕ್ಕಿಯ ಹಿಟ್ಟಿನ ಕಣಕದೊಳಗೆ ಬೆಲ್ಲದ ಪಾಕ ಮತ್ತು ಎಳ್ಳು ತುಂಬಿ, ಮೀನಿನ ಬಾಲದಂತೆ ಚೂಪುಮಾಡಿ, ಹಬೆಯಲ್ಲಿ ಬೇಯಿಸುವ ಯೋಮರಿ ಸಿಹಿಕಡುಬಿನ ಜಾತಿಯದು. ದೀಪಾವಳಿಯ ಕಾಲದ ತಿಹಾರ್ ಹಬ್ಬಕ್ಕೆ, ನೆನೆಸಿ ಅರೆದ ಅಕ್ಕಿಗೆ ಸಕ್ಕರೆ, ತುಪ್ಪ ಸೇರಿಸಿ ಕಾದ ಎಣ್ಣೆಗೆ ಬಳೆಯಾಕಾರದಲ್ಲಿ ಕೈಯಿಂದಲೇ ಇಳಿಬಿಟ್ಟು ಕರಿಯುವ ಸೇಲ್ ರೋಟಿ ಮಾಡುತ್ತಾರೆ. ಭಕ್ತಪುರದಲ್ಲಿ ಎಮ್ಮೆ ಹಾಲನ್ನು ಮಣ್ಣಿನ ಕುಡಿಕೆಯಲ್ಲಿ ಹೆಪ್ಪಿಟ್ಟು ಮಾಡುವ ಸಿಹಿ ಮೊಸರಾದ ಜುಜು ಧೌ ಊಟದ ಕೊನೆಗೆ ಒಳ್ಳೆಯ ಆಯ್ಕೆ. ಕುಡಿಕೆಯ ರಂಧ್ರಗಳು ನೀರನ್ನು ಹೀರುವುದರಿಂದ ಮೊಸರು ಕೆನೆಗಟ್ಟಿ ಮಂದವಾಗುತ್ತದೆ.

ಕೇಳಿ ತಿಳಿಯಬೇಕಾದದ್ದು

ನೇಪಾಳಿ ಹೋಟೆಲುಗಳಲ್ಲಿ ಒಂದೇ ಅಡುಗೆಮನೆಯಲ್ಲಿ ಎಲ್ಲ ಬಗೆಯ ಅಡುಗೆ ನಡೆಯುವುದರಿಂದ, ಪಟ್ಟಿಯಲ್ಲಿ ಸಸ್ಯಾಹಾರಿ ಎಂದು ನಮೂದಿಸಿದ ಮಾತ್ರಕ್ಕೆ ವಿಚಾರ ಮುಗಿಯುವುದಿಲ್ಲ. ಮೊಮೊ ಇದಕ್ಕೆ ಒಳ್ಳೆಯ ಉದಾಹರಣೆ. ಲ್ಹಾಸಾದೊಡನೆ ವ್ಯಾಪಾರ ನಡೆಸುತ್ತಿದ್ದ ನೇವಾರ ವರ್ತಕರ ಮೂಲಕ ಟಿಬೆಟ್‌ನಿಂದ ಕಠ್ಮಂಡುವಿಗೆ ಬಂತೆಂದು ಹೇಳಲಾಗುವ ಈ ತಿನಿಸು ಮೂಲತಃ ಮಾಂಸದ್ದು. ಕರ್ನಾಟಕದವರಿಗೆ ಬೈಲಕುಪ್ಪೆ ಮತ್ತು ಮುಂಡಗೋಡಿನ ಟಿಬೆಟನ್ ಶಿಬಿರಗಳಿಂದಲೂ ಇದರ ಪರಿಚಯವಿದೆ. ಎಲೆಕೋಸು, ಕ್ಯಾರೆಟ್, ಪನೀರ್ ತುಂಬಿದ ಮೊಮೊವನ್ನು ಮಾಂಸದ ಮೊಮೊ ಇರಿಸಿದ ಹಬೆಪಾತ್ರೆಯ ಕೆಳಗಿನ ಅಂತಸ್ತಿನಲ್ಲಿ ಬೇಯಿಸಿದರೆ ಮೇಲಿನ ರಸ ಕೆಳಗೆ ತೊಟ್ಟಿಕ್ಕುವ ಸಾಧ್ಯತೆ ಇರುತ್ತದೆ. ಝೋಲ್ ಮೊಮೊ ಎಂಬ ಬಗೆಯಲ್ಲಿ ಅದನ್ನು ಮುಳುಗಿಸುವ ಎಳ್ಳು–ಟೊಮೆಟೊ ಸಾರನ್ನು ಕೆಲವೆಡೆ ಮೂಳೆ ಬೇಯಿಸಿದ ನೀರಿನಿಂದ ತಯಾರಿಸುತ್ತಾರೆ. ಥುಕ್ಪಾ ಎಂಬ ನೂಡಲ್ಸ್ ಸಾರಿಗೂ ಇದೇ ಮಾತು ಅನ್ವಯಿಸುತ್ತದೆ, ಜೊತೆಗೆ ಅದರ ನೂಡಲ್ಸ್‌ನಲ್ಲಿ ಮೊಟ್ಟೆ ಇರಬಹುದು. ಭಾರತದ ಗಾಡಿಗಳಲ್ಲಿ ಮೊಮೊದ ಜೊತೆ ಕೊಡುವ ಮೇಯನೇಸ್ ಮೊಟ್ಟೆಯದೋ ಅಲ್ಲವೋ ಎಂಬುದನ್ನೂ ವಿಚಾರಿಸಬೇಕು.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಮುಖ್ಯವಾಗಿ ಮೂರು: ಸಾರಿನ ನೀರು ಯಾವುದರದು, ಮೊಟ್ಟೆ ಸೇರಿದೆಯೇ, ಬೇಯಿಸುವ ಮತ್ತು ಕರಿಯುವ ಪಾತ್ರೆ–ಎಣ್ಣೆಗಳು ಬೇರೆಯೇ. ಶಾಕಾಹಾರಿ ಎಂಬ ಪದ ನೇಪಾಳಿಯಲ್ಲೂ ಬಳಕೆಯಲ್ಲಿರುವುದರಿಂದ ಅಡುಗೆಯವರಿಗೆ ವಿಷಯ ತಿಳಿಸುವುದು ಕಷ್ಟವಲ್ಲ. ಮಾಂಸಕ್ಕೆ ಅಲ್ಲಿ ಮಾಸು ಎಂದೂ, ಮೊಟ್ಟೆಗೆ ಅಂಡಾ ಎಂದೂ, ಮೀನಿಗೆ ಮಾಛಾ ಎಂದೂ ಹೇಳುತ್ತಾರೆ. ಈರುಳ್ಳಿ–ಬೆಳ್ಳುಳ್ಳಿ ಬಿಟ್ಟವರಿಗೆ ಹೋಟೆಲಿನ ಅಚಾರ್ ಮತ್ತು ಪಲ್ಯಗಳು ಹೊಂದುವುದು ಕಡಿಮೆ. ಅಂಥವರು ಮುಂಚಿತವಾಗಿಯೇ ತಿಳಿಸಿ ದಾಲ್, ಸೊಪ್ಪು ಮತ್ತು ಅನ್ನವನ್ನು ಬೇರೆಯಾಗಿ ಮಾಡಿಸಿಕೊಳ್ಳುವುದು ಮೇಲು. ಮಾಂಸ ಬೇಯುವ ಅಡುಗೆಮನೆಯ ಅನ್ನವೇ ತಮಗೆ ಸಲ್ಲದು ಎನ್ನುವವರಿಗೆ ಮಾತ್ರ ಹೆಚ್ಚಿನ ನೇಪಾಳಿ ಹೋಟೆಲುಗಳು ಹೊಂದಲಾರವು, ಮತ್ತು ಅದನ್ನು ಮೊದಲೇ ತಿಳಿದಿರುವುದರಿಂದ ಇಬ್ಬರಿಗೂ ಮುಜುಗರ ತಪ್ಪುತ್ತದೆ.

ಉಳಿದವರು ಮೊದಲ ಭೇಟಿಯಲ್ಲಿ ಮೊಮೊ–ಪನೀರ್‌ಗಳನ್ನು ಬದಿಗಿಟ್ಟು, ಕರಿಯ ಉದ್ದಿನ ದಾಲ್ ಇರುವ ಪೂರ್ಣ ಊಟವನ್ನೂ ಅದರೊಡನೆ ಗುಂದ್ರುಕ್ ಸಾರು ಅಥವಾ ಆಲೂ–ತಾಮಾವನ್ನೂ ತರಿಸಿಕೊಳ್ಳುವುದು ಒಳ್ಳೆಯದು. ಎರಡನೆಯ ಭೇಟಿಗೆ ಢಿಂಡೊ, ಸಾದಾ ಬಾರಾ ಮತ್ತು ಚುಕೌನಿಯನ್ನು ಉಳಿಸಿಕೊಳ್ಳಬಹುದು. ಈ ಪದಾರ್ಥಗಳು ಪಟ್ಟಿಯಲ್ಲಿ ಇಲ್ಲದಿದ್ದರೂ ಕೇಳಿ ನೋಡುವುದರಲ್ಲಿ ತಪ್ಪಿಲ್ಲ, ಏಕೆಂದರೆ ಹೋಟೆಲಿನ ಕೆಲಸಗಾರರು ತಮಗಾಗಿ ಬೇಯಿಸಿಕೊಳ್ಳುವ ಊಟದಲ್ಲಿ ಅವು ಇರುವ ಸಾಧ್ಯತೆ ಹೆಚ್ಚು. ತಮ್ಮ ಊರಿನ ತೊವ್ವೆ, ಹುಳಿ, ದೋಸೆಗಳನ್ನು ನಾಡಿನ ನಗರಗಳಿಗೆಲ್ಲ ಉಣಬಡಿಸಿದ ಕುಂದಾಪುರ–ಬ್ರಹ್ಮಾವರ ಸೀಮೆಯವರು, ತಮ್ಮದೇ ಹೋಟೆಲುಗಳ ಒಲೆಯ ಮುಂದೆ ದುಡಿಯುತ್ತಿರುವ ನೇಪಾಳಿಗರ ಮನೆಯೂಟದ ಬಗೆಗೂ ಇಷ್ಟು ಆಸಕ್ತಿ ತೋರಿಸಲಿ.